ಹಾವಿನ ಬಣ್ಣಕ್ಕೆ ತೆರುವ ಬೆಲೆ



ಪಶ್ಚಿಮ ಆಫ್ರಿಕದ ಘಾನಾ, ಟೋಗೊ, ಬೆನಿನ್ ದೇಶಗಳ ಬಾಲ್ ಪೈಥಾನ್, ಬೆದರಿದಾಗ ಚೆಂಡಿನಂತೆ ಸುರುಳಿಯಾಗುವ ಸಾಧು ಹೆಬ್ಬಾವು. ಸಾಕುವವರು ಅದರಲ್ಲಿ ಬಗೆಬಗೆಯ ಬಣ್ಣದ ತಳಿಗಳನ್ನು ರೂಪಿಸಿದ್ದಾರೆ. ಆಲ್ಬಿನೊ ಗುಣ ಅಪ್ರಬಲ; ನೋಟಕ್ಕೆ ಸಾಮಾನ್ಯವಾದ ಎರಡು ವಾಹಕ ಹಾವುಗಳು ಕೂಡಿದರೆ ಸರಾಸರಿ ನಾಲ್ಕರಲ್ಲೊಂದು ಮರಿ ಬಿಳಿ-ಹಳದಿ. ಇದು ಮೆಂಡೆಲನ ಬಟಾಣಿಯ ಲೆಕ್ಕವೇ.

‘ಸ್ಪೈಡರ್’ ಗುಣ ಪ್ರಬಲ; ತಾಯಿ ಅಥವಾ ತಂದೆಯಿಂದ ಒಂದು ವಂಶವಾಹಿ ಬಂದರೆ ಸಾಕು, ಬಲೆಯಂಥ ಚಿತ್ತಾರ ಮೂಡುತ್ತದೆ. ಜೊತೆಗೇ ತಲೆ ತೂಗಾಡುತ್ತದೆ, ಸಮತೋಲ ತಪ್ಪುತ್ತದೆ. ಒಳಕಿವಿಯ ರಚನೆಯೇ ವಿರೂಪಗೊಂಡಿರುವುದನ್ನು 2022ರ ಅಧ್ಯಯನವೊಂದು ತೋರಿಸಿತು. ಚಿತ್ತಾರವನ್ನುಳಿಸಿ ಈ ದೋಷವನ್ನಷ್ಟೇ ಕಳೆಯಲು ತಳಿಗಾರರಿಗೆ ಸಾಧ್ಯವಾಗಿಲ್ಲ.

ಕಾಳು ತುಂಬಿದರೂ ಕಾಂಡ ಬಾಗಿ ಬೀಳುವ ಬತ್ತದ ತಳಿಯನ್ನು ನಾವು ಕೈಬಿಡುತ್ತೇವೆ. ಆ ಎಚ್ಚರ ಮೂಕಜೀವಿಯ ವಿಷಯದಲ್ಲಿ ಬೇಡವೆ?