‘ಹೌದು’ ಎಂದರೆ ಎಲ್ಲ ಕಡೆಯೂ ಹೌದಲ್ಲ

(ಸಂಘದ ಕುಟುಂಬ ಸಮ್ಮಿಲನದಲ್ಲಿ ಮಾಡಿದ ಭಾಷಣದ ಬರಹ ರೂಪ)





ನನಗೆ ಕೊಟ್ಟ ವಿಷಯ ‘ಭಾಷೆ ಮತ್ತು ನಾವು’. ದೊಡ್ಡ ವಿಷಯ ಇದು, ಇಷ್ಟು ಹೊತ್ತಿನಲ್ಲಿ ಮುಗಿಯುವಂಥದ್ದಲ್ಲ. ಬಿರಿಯಾನಿಯ ಪರಿಮಳ ಬೇರೆ ಬರ್ತಾ ಉಂಟು. ಹಾಗಾಗಿ ನಾನು ಒಂದೇ ಒಂದು ಶಬ್ದ ಹಿಡಿದುಕೊಂಡು ಮಾತಾಡ್ತೇನೆ. ಗಲ್ಫಿಗೆ ಬಂದ ಮೊದಲ ದಿನವೇ ನಾವೆಲ್ಲ ಕಲಿಯುವ ಶಬ್ದ ಅದು. ಇಂಗ್ಲಿಷಿನಲ್ಲಿ ‘ಯೆಸ್’, ಅರಬಿಯಲ್ಲಿ ‘ನಅಮ್’, ಆಡುಮಾತಿನಲ್ಲಿ ‘ಐವಾ’, ಹಿಂದಿಯಲ್ಲಿ ‘ಹಾಂ’, ನಮ್ಮ ಕನ್ನಡದಲ್ಲಿ ‘ಹೌದು’.

ಇಷ್ಟು ಸಣ್ಣ ಶಬ್ದದ ಬಗ್ಗೆ ಭಾಷಣ ಮಾಡಲಿಕ್ಕೆ ಏನುಂಟು ಅಂತ ನಿಮಗೆ ಅನಿಸಬಹುದು. ಆದರೆ ನಾವು ಕೆಲಸದ ಕಾಗದಕ್ಕೆ ಸಹಿ ಹಾಕುವುದು ಇದೇ ಶಬ್ದ ಹೇಳಿ. ಡಾಕ್ಟರಿಗೆ ಉತ್ತರ ಕೊಡುವುದು, ಸೈಟಿನಲ್ಲಿ ಮೇಲೆ ಹತ್ತುವ ಮೊದಲು ಫೋರ್‌ಮನ್‌ಗೆ ಹೇಳುವುದು ಕೂಡ ಇದೇ ಶಬ್ದ. ಇದು ತಪ್ಪಿದರೆ ಹಣ ಹೋಗಬಹುದು, ಕೈಕಾಲು ಹೋಗಬಹುದು, ಜೀವವೂ ಹೋಗಬಹುದು.

ಮೊದಲು ನಮ್ಮ ಶಬ್ದವನ್ನೇ ನೋಡುವ. ಹಳೆಯ ಕನ್ನಡದಲ್ಲಿ ಇದು ‘ಅಹುದು’. ‘ಆಗು’ ಎಂಬ ಧಾತುವಿನಿಂದ ಬಂದದ್ದು. ಅಂದರೆ ‘ಅದು ಹಾಗೆ ಆಗುತ್ತದೆ, ಹಾಗೆಯೇ ಇದೆ’ ಎಂದು ಅರ್ಥ. ತೆಲುಗಿನ ‘ಅವುನು’, ತಮಿಳಿನ ‘ಆಮಾ’ ಕೂಡ ಇದೇ ‘ಆಗು’ವಿನ ಮಕ್ಕಳು. ನಾವು ‘ಹೌದು’ ಎಂದಾಗ, ಎದುರಿನವನು ಹೇಳಿದ ಮಾತು ಸರಿ ಅಂತ ಒಪ್ಪುತ್ತೇವೆ. ಈ ಅರ್ಥವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಇನ್ನೊಂದು ಸಂಗತಿ. ಊರಿನಲ್ಲಿ ನಾವು ನಿಜವಾಗಿ ‘ಹೌದು’ ಅಂತ ಎಷ್ಟು ಸಲ ಹೇಳ್ತೇವೆ? ‘ಊಟ ಆಯ್ತಾ?’ ಕೇಳಿದರೆ ‘ಆಯ್ತು’ ಅಂತೇವೆ. ‘ಮೀನು ಉಂಟಾ?’ ಅಂದರೆ ‘ಉಂಟು’. ‘ನಾಳೆ ಬರ್ತೀಯಾ?’ ಅಂದರೆ ‘ಬರ್ತೇನೆ’. ಕೇಳಿದ ಕ್ರಿಯಾಪದವನ್ನೇ ತಿರುಗಿಸಿ ಕೊಡುವುದು ನಮ್ಮ ಪದ್ಧತಿ. ಐರ್ಲೆಂಡಿನ ಐರಿಶ್ ಭಾಷೆಯಲ್ಲಿ ‘ಯೆಸ್’ಗೆ ಸಮನಾದ ಒಂಟಿ ಶಬ್ದವೇ ಇಲ್ಲ, ಅವರೂ ಕ್ರಿಯಾಪದವನ್ನೇ ತಿರುಗಿಸುತ್ತಾರೆ. ಚೀನಿ ಭಾಷೆಯವರೂ ಹೆಚ್ಚಾಗಿ ಹಾಗೇ ಮಾಡುತ್ತಾರೆ. ಹಳೆಯ ರೋಮಿನ ಲ್ಯಾಟಿನ್‌ನಲ್ಲೂ ‘ಹೌದು’ಗೆಂದೇ ಒಂದು ಶಬ್ದ ಇರಲಿಲ್ಲ. ‘ಹೀಗೆ’ ಎಂಬ ಅರ್ಥದ ‘ಸಿಕ್’ ಎಂಬ ಲ್ಯಾಟಿನ್ ಶಬ್ದ ಸವೆದು ಇಟಲಿಯವರ, ಸ್ಪೇನಿನವರ ‘ಸೀ’ ಆಯಿತು. ಫ್ರಾನ್ಸಿನ ದಕ್ಷಿಣದವರು ‘ಹೌದು’ಗೆ ‘ಓಕ್’ ಅನ್ನುತ್ತಿದ್ದರು. ಅವರ ಸೀಮೆಗೆ ‘ಲಾಂಗ್‌ಡಾಕ್’, ಅಂದರೆ ‘ಓಕ್ ಎನ್ನುವವರ ಭಾಷೆ’ ಅಂತಲೇ ಹೆಸರಾಯಿತು. ಒಂದು ಪ್ರಾಂತ್ಯಕ್ಕೆ ‘ಹೌದು’ ಎಂಬ ಶಬ್ದದಿಂದ ಹೆಸರು ಬಂತು ನೋಡಿ!

ಈಗ ನಮ್ಮ ಲೇಬರ್ ಕ್ಯಾಂಪಿಗೆ ಬರುವ. ಒಂದು ರೂಮಿನಲ್ಲಿ ಎಂಟು ಜನ ಇದ್ದರೆ ನಾಲ್ಕು ಭಾಷೆ ಇರ್ತದೆ. ನೇಪಾಳದವನು ‘ಇದೆ’ ಅನ್ನಲಿಕ್ಕೆ ‘ಛ’, ‘ಇಲ್ಲ’ಕ್ಕೆ ‘ಛೈನ’ ಅಂತಾನೆ. ‘ಹೌದು’ಗೆ ‘ಹೋ’, ‘ಅಲ್ಲ’ಕ್ಕೆ ‘ಹೋಯ್ನ’ ಅಂತಾನೆ. ನಮ್ಮ ‘ಉಂಟು-ಇಲ್ಲ’, ‘ಹೌದು-ಅಲ್ಲ’ ಜೋಡಿಗಳ ಹಾಗೆಯೇ. ತುಳುವಿನಲ್ಲೂ ‘ಉಂಡು-ಇಜ್ಜಿ’ ಒಂದು ಜೋಡಿ, ‘ಅಂದ್-ಅತ್ತ್’ ಇನ್ನೊಂದು ಜೋಡಿ. ಹಿಂದಿಯವನಿಗೆ ಈ ನಾಲ್ಕಕ್ಕೆ ಎರಡೇ ಶಬ್ದ ಸಾಕು, ‘ಹಾಂ’ ಮತ್ತು ‘ನಹೀಂ’. ಫಿಲಿಪೀನ್ಸಿನವನು ‘ಓಓ’ ಅಂದರೆ ಹೌದು, ಹಿರಿಯರ ಹತ್ತಿರ ‘ಓಪೋ’ ಅನ್ನಬೇಕು. ನಮ್ಮೂರಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ‘ಓ’ ಅಂತೇವೆ. ಅದು ‘ಕೇಳಿಸಿತು’ ಅಂತ ಮಾತ್ರ, ಒಪ್ಪಿದೆ ಅಂತ ಅಲ್ಲ.

ಇನ್ನು ಮೋಜು ನೋಡಿ. ನಾವು ‘ನೈ’ ಅಂದರೆ ಇಲ್ಲ. ಗ್ರೀಸ್ ದೇಶದಲ್ಲಿ ‘ನೇ’ ಅಂದರೆ ಹೌದು. ಕೊರಿಯಾದಲ್ಲೂ ‘ನೇ’ ಅಂದರೆ ಹೌದು. ಅರಬಿಯಲ್ಲಿ ‘ಖೈರ್’ ಅಂದರೆ ಒಳ್ಳೆಯದು. ಅದೇ ಶಬ್ದ ಟರ್ಕಿಗೆ ಹೋಗಿ ‘ಹಯಿರ್’ ಆಯಿತು, ಅಲ್ಲಿ ಅದಕ್ಕೆ ‘ಇಲ್ಲ’ ಅಂತ ಅರ್ಥ. ಗಲ್ಫಿನ ಬೆರಕೆ ಅರಬಿಯಲ್ಲಿ ‘ಫೀ’ ಅಂದರೆ ಉಂಟು, ‘ಮಾಫಿ’ ಅಂದರೆ ಇಲ್ಲ. ಹೊಸದಾಗಿ ಬಂದ ಹುಡುಗನಿಗೆ ‘ಫ್ಲೂಸ್ ಮಾಫಿ’ ಅಂದರೆ ಅವನು ಹಣ ಮಾಫಿ ಮಾಡಿದ್ರು, ಮನ್ನಾ ಮಾಡಿದ್ರು ಅಂತ ಸಂತೋಷಪಟ್ಟಾನು. ಪಾಪ, ಹಣವೇ ಇಲ್ಲ ಅಂತ ಹೇಳಿದ್ದು!

ತಲೆ ಆಡಿಸುವುದೂ ಒಂದು ಭಾಷೆಯೇ. ನಾವು ತಲೆಯನ್ನು ಆಚೆ ಈಚೆ ತೂಗಿಸಿ ‘ಆಯ್ತು’ ಅಂತೇವೆ. ಹೊರಗಿನವನಿಗೆ ಅದು ‘ಇಲ್ಲ’ ಅಂತ ಕಾಣ್ತದೆ. ಬಲ್ಗೇರಿಯಾದಲ್ಲಿ ತಲೆಯನ್ನು ಎಡಬಲಕ್ಕೆ ಅಲ್ಲಾಡಿಸಿದರೆ ಹೌದು. ಲೆಬನಾನ್, ಸಿರಿಯಾ ಕಡೆಯವರು ಗಲ್ಲ ಮೇಲೆತ್ತಿ ನಾಲಗೆಯಲ್ಲಿ ‘ಟ್ಚ್’ ಅಂದರೆ ಅದು ಸ್ಪಷ್ಟವಾದ ‘ಇಲ್ಲ’. ನಾವು ಆ ಶಬ್ದ ಮಾಡುವುದು ‘ಅಯ್ಯೋ ಪಾಪ’ ಅನ್ನಲಿಕ್ಕೆ. ‘ಈ ತಿಂಗಳು ರಜೆ ಸಿಗ್ತದಾ?’ ಅಂತ ಕೇಳಿದಾಗ ಮುದೀರ್ ‘ಟ್ಚ್’ ಅಂದರೆ, ಪಾಪ ನನ್ನ ಮೇಲೆ ಕನಿಕರ ಬಂತು ಅಂತ ಟಿಕೆಟ್ ಬುಕ್ ಮಾಡಬೇಡಿ.

ನಗುವ ಮಾತು ಇಷ್ಟು ಸಾಕು. ಈಗ ಅಪಾಯ ಎಲ್ಲಿ ಉಂಟು ಅಂತ ಹೇಳ್ತೇನೆ. ಅದಿರುವುದು ‘ಇಲ್ಲ’ ಸೇರಿದ ಪ್ರಶ್ನೆಯಲ್ಲಿ.

ಊರಿನಲ್ಲಿ ಯಾರಾದರೂ ‘ಸಂಬಳ ಬಂದಿಲ್ವಾ?’ ಅಂತ ಕೇಳಿದರೆ ನಾವು ‘ಹೌದು ಮಾರಾಯ, ಬಂದಿಲ್ಲ’ ಅಂತೇವೆ. ನೀನು ಹೇಳಿದ್ದು ಸರಿ, ಬಂದಿಲ್ಲ ಅಂತ ಅರ್ಥ. ಇಂಗ್ಲಿಷಿನವನು ಇದೇ ಪ್ರಶ್ನೆಗೆ ‘ನೋ’ ಅಂತಾನೆ. ನಾವು ಎದುರಿನವನ ಮಾತನ್ನು ನೋಡಿ ಉತ್ತರ ಕೊಡ್ತೇವೆ, ಅವನು ನಡೆದ ಸಂಗತಿಯನ್ನು ನೋಡಿ ಉತ್ತರ ಕೊಡ್ತಾನೆ. ಜಪಾನಿನವರ ‘ಹಾಯ್’ ಕೂಡ ನಮ್ಮ ಹಾಗೆಯೇ. ಎರಡೂ ಪದ್ಧತಿ ಸರಿಯೇ, ಯಾರೂ ದಡ್ಡರಲ್ಲ. ಕಷ್ಟ ಆಗುವುದು ನಾವು ಕನ್ನಡದ ತಲೆಯಿಂದ ಇಂಗ್ಲಿಷಿನ ‘ಯೆಸ್’ ಹೇಳಿದಾಗ.

ಈಗ ಸೈಟಿನಲ್ಲಿ ಕಲ್ಪಿಸಿಕೊಳ್ಳಿ. ಸೂಪರ್‌ವೈಸರ್ ಇಂಗ್ಲಿಷಿನಲ್ಲಿ ‘ಪವರ್ ಆಫ್ ಮಾಡಿಲ್ವಾ?’ ಅಂತ ಕೇಳ್ತಾನೆ. ನಮ್ಮ ಹುಡುಗ ‘ಯೆಸ್ ಸರ್’ ಅಂತಾನೆ. ಅವನ ಮನಸ್ಸಿನಲ್ಲಿ ‘ಹೌದು, ಮಾಡಿಲ್ಲ’. ಸೂಪರ್‌ವೈಸರ್‌ಗೆ ಕೇಳಿಸಿದ್ದು ‘ಮಾಡಿದ್ದೇನೆ’. ಆಮೇಲೆ ಆ ವಯರಿಗೆ ಕೈ ಹಾಕುವವನ ಗತಿ ಏನು? ಆಸ್ಪತ್ರೆಯಲ್ಲಿ ನರ್ಸ್ ‘ನಿಮಗೆ ಔಷಧಿಯ ಅಲರ್ಜಿ ಇಲ್ಲ ಅಲ್ವಾ?’ ಅಂತ ಕೇಳ್ತಾರೆ, ನಾವು ‘ಯೆಸ್’ ಅಂತೇವೆ. ಅಲರ್ಜಿ ಉಂಟು ಅಂತಲೋ ಇಲ್ಲ ಅಂತಲೋ? ಬರೆದುಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು?

ಈ ತೊಡಕು ಹಳೆಯದು. ಕೆಲವು ಭಾಷೆಗಳು ಇದಕ್ಕೆಂದೇ ಪ್ರತ್ಯೇಕ ಶಬ್ದ ಇಟ್ಟುಕೊಂಡಿವೆ. ‘ನೀನು ಬರುವುದಿಲ್ಲವಾ?’ ಅಂದಾಗ ‘ಯಾಕಿಲ್ಲ, ಬರ್ತೇನೆ’ ಅನ್ನಲಿಕ್ಕೆ ಫ್ರೆಂಚಿನವರು ‘ಸಿ’ ಅಂತಾರೆ, ಜರ್ಮನಿಯವರು ‘ಡೋಖ್’ ಅಂತಾರೆ. ಅರಬಿಯಲ್ಲಿ ಅದು ‘ಬಲಾ’. ಈ ‘ಬಲಾ’ ನಮಗೆ ಹೊಸತಲ್ಲ. ಸೂರಃ ಅಲ್ ಅಅ್‌ರಾಫ್‌ನ 172ನೇ ಆಯತ್ ನೆನಪಿಸಿಕೊಳ್ಳಿ. ತಾನು ಅವರ ರಬ್ಬ್ ಅಲ್ಲವೇ ಎಂದು ಅಲ್ಲಾಹನು ಆದಮರ ಸಂತತಿಯನ್ನು ಕೇಳಿದಾಗ ಅವರು ಕೊಟ್ಟ ಉತ್ತರ ‘ಬಲಾ’. ಅಲ್ಲಿ ‘ನಅಮ್’ ಎಂದಿದ್ದರೆ ‘ಹೌದು, ಅಲ್ಲ’ ಎಂದಾಗಿ ನಿರಾಕರಣೆಯೇ ಆಗುತ್ತಿತ್ತು ಎಂಬ ಮಾತನ್ನು ಅರಬಿ ವ್ಯಾಕರಣದ ಪಂಡಿತರು ಇಬ್ನ್ ಅಬ್ಬಾಸ್ ರಳಿಯಲ್ಲಾಹು ಅನ್‌ಹು ಅವರ ಹೆಸರಿನಲ್ಲಿ ಉಲ್ಲೇಖಿಸುತ್ತಾರೆ. ‘ಹೌದು’ ಎನ್ನುವ ಎರಡು ಶಬ್ದಗಳ ನಡುವೆ ಈಮಾನಿನಷ್ಟು ದೊಡ್ಡ ವ್ಯತ್ಯಾಸ! ಉತ್ತರ ಕೊಡುವ ಶಬ್ದವನ್ನು ತೂಗಿ ನೋಡಬೇಕು ಅನ್ನಲಿಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ದುನಿಯಾದ ಒಂದು ಉದಾಹರಣೆಯನ್ನೂ ಹೇಳ್ತೇನೆ. 1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣ. ದಟ್ಟ ಮಂಜು. ಒಂದು ಬೋಯಿಂಗ್ 747 ರನ್‌ವೇಯ ತುದಿಯಲ್ಲಿ ನಿಂತಿದೆ, ಇನ್ನೊಂದು ಅದೇ ರನ್‌ವೇಯ ಮೇಲೆ ಬರುತ್ತಿದೆ. ಮೊದಲನೆಯ ವಿಮಾನದವರು ‘ನಾವು ಟೇಕಾಫ್‌ನಲ್ಲಿದ್ದೇವೆ’ ಎಂಬರ್ಥದ ಮಾತು ಹೇಳಿದರು. ಟವರಿನಿಂದ ‘ಓಕೆ’ ಅಂತ ಬಂತು. ಟವರಿನವರು ಅದರ ಹಿಂದೆಯೇ ಕಾಯಲು ಹೇಳಿದ್ದರು, ಆದರೆ ಅದೇ ಕ್ಷಣಕ್ಕೆ ಇನ್ನೊಂದು ವಿಮಾನದವರೂ ರೇಡಿಯೋದಲ್ಲಿ ಮಾತಾಡಿದ್ದರಿಂದ ಎರಡೂ ಕಲಸಿ ಕೀರಲು ಶಬ್ದವಾಯಿತು. ಸರಿಯಾಗಿ ಕೇಳಿಸಿದ್ದು ‘ಓಕೆ’ ಮಾತ್ರ. ವಿಮಾನ ಓಡಿತು, ಎದುರಿನದಕ್ಕೆ ಗುದ್ದಿತು. 583 ಜನ ತೀರಿಕೊಂಡರು. ಮಂಜು, ಅವಸರ ಮುಂತಾಗಿ ಬೇರೆ ಕಾರಣಗಳೂ ಇದ್ದವು. ಆದರೆ ಆ ‘ಓಕೆ’ ಕೂಡ ಒಂದು ಕಾರಣ. ‘ಕೇಳಿಸಿತು’ ಎಂದೋ, ‘ಒಪ್ಪಿಗೆ’ ಎಂದೋ ಅದರಲ್ಲಿ ಸ್ಪಷ್ಟವಿರಲಿಲ್ಲ.

ಇವತ್ತು ನಾವು ಮಂಗಳೂರಿಗೆ ಹೋಗುವ ವಿಮಾನದ ಪೈಲಟ್ ರೇಡಿಯೋದಲ್ಲಿ ‘ಯೆಸ್’ ಅನ್ನಬೇಕಾದಲ್ಲಿ ‘ಅಫರ್ಮ್’ ಅನ್ನಬೇಕು, ‘ನೋ’ ಅನ್ನಬೇಕಾದಲ್ಲಿ ‘ನೆಗೆಟಿವ್’ ಅನ್ನಬೇಕು. ‘ರೋಜರ್’ ಅಂದರೆ ಸಂದೇಶ ಬಂತು ಅಂತ ಮಾತ್ರ, ಒಪ್ಪಿಗೆ ಅಲ್ಲ. ಟೇಕಾಫ್‌ಗೆ ಅನುಮತಿ ಸಿಕ್ಕಿದರೆ ಅದನ್ನು ಅವರು ತಿರುಗಿಸಿ ಓದಿ ಹೇಳಬೇಕು, ಟವರಿನವರು ಅದನ್ನು ಕೇಳಿಸಿಕೊಳ್ಳಬೇಕು. ಅಷ್ಟು ಓದಿದವರಿಗೇ ಬರಿಯ ‘ಹೌದು’ ಸಾಕಾಗುವುದಿಲ್ಲ ಎಂದಾದರೆ, ನಲ್ವತ್ತೈದು ಡಿಗ್ರಿ ಬಿಸಿಲಿನಲ್ಲಿ, ಮಿಷನಿನ ಗದ್ದಲದಲ್ಲಿ, ಪರಭಾಷೆಯಲ್ಲಿ ಮಾತಾಡುವ ನಮಗೆ ಸಾಕಾಗ್ತದಾ?

ನಾವು ಯಾಕೆ ‘ಯೆಸ್’ ಅಂತೇವೆ ಅಂತಲೂ ಸ್ವಲ್ಪ ಯೋಚಿಸಿ. ಎಷ್ಟೋ ಸಲ ಅರ್ಥ ಆಗಿರುವುದಿಲ್ಲ. ಇನ್ನೊಂದು ಸಲ ಕೇಳಿದರೆ ದಡ್ಡ ಅಂದುಕೊಂಡಾರು, ಕೆಲಸ ಹೋದೀತು ಎಂಬ ಹೆದರಿಕೆ. ದೊಡ್ಡವರ ಮುಂದೆ ಎದುರು ಮಾತಾಡಬಾರದು ಅಂತ ಉಮ್ಮ ಕಲಿಸಿದ ಮರ್ಯಾದೆ. ಆ ಮರ್ಯಾದೆ ಒಳ್ಳೆಯದೇ. ಆದರೆ ‘ಸರ್, ಇನ್ನೊಮ್ಮೆ ಹೇಳಿ’ ಅನ್ನುವುದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ನಾಲ್ಕು ಮಾತು ಹೇಳಿ ಮುಗಿಸ್ತೇನೆ.

ಒಂದನೆಯದು, ಊರಿನ ಪದ್ಧತಿಯನ್ನೇ ಇಲ್ಲಿಯೂ ಇಟ್ಟುಕೊಳ್ಳಿ. ಕ್ರಿಯಾಪದ ಸೇರಿಸಿ ಉತ್ತರ ಕೊಡಿ. ‘ಯೆಸ್’ ಅನ್ನುವ ಬದಲು ‘ಪವರ್ ಈಸ್ ಆನ್’ ಅಥವಾ ‘ಪವರ್ ಈಸ್ ಆಫ್’ ಅನ್ನಿ. ‘ಅಲರ್ಜಿ ಫೀ’ ಅಥವಾ ‘ಅಲರ್ಜಿ ಮಾಫಿ’ ಅನ್ನಿ. ಇಂಗ್ಲಿಷ್ ತಪ್ಪಾದರೂ ಪರವಾಗಿಲ್ಲ, ಸಂಗತಿ ತಪ್ಪಾಗಬಾರದು.

ಎರಡನೆಯದು, ‘ಅರ್ಥ ಆಯ್ತಾ?’ ಅಂತ ಕೇಳಿದಾಗ ಕೇಳಿಸಿಕೊಂಡದ್ದನ್ನು ತಿರುಗಿಸಿ ಹೇಳಿ. ‘ಮೊದಲು ಬೆಲ್ಟ್, ಆಮೇಲೆ ಏಣಿ, ಅಲ್ವಾ ಸರ್?’ ಅಂತ. ತಪ್ಪಿದ್ದರೆ ಅವರೇ ತಿದ್ದುತ್ತಾರೆ.

ಮೂರನೆಯದು ನಮ್ಮಲ್ಲಿ ಫೋರ್‌ಮನ್, ಸೂಪರ್‌ವೈಸರ್ ಆಗಿರುವವರಿಗೆ. ಹೊಸ ಹುಡುಗರನ್ನು ‘ಮಾಲೂಮ್?’ ಅಂತ ಕೇಳಬೇಡಿ. ಎಲ್ಲರೂ ‘ಮಾಲೂಮ್’ ಅಂತಲೇ ಹೇಳ್ತಾರೆ. ‘ಈಗ ಏನು ಮಾಡ್ತೀಯಾ ಹೇಳು ನೋಡುವ’ ಅಂತ ಕೇಳಿ. ಅಲ್ಲದೆ, ಪ್ರಶ್ನೆಯಲ್ಲಿ ‘ಇಲ್ಲ’ ಸೇರಿಸಬೇಡಿ. ‘ಆಫ್ ಮಾಡಿಲ್ವಾ?’ ಬೇಡ, ‘ಆನ್ ಉಂಟಾ, ಆಫ್ ಉಂಟಾ?’ ಸಾಕು.

ನಾಲ್ಕನೆಯದು ಕಾಗದದ ವಿಷಯ. ಸಹಿ ಅಂದರೆ ಬರವಣಿಗೆಯ ‘ಹೌದು’, ಅದನ್ನು ಹಿಂದೆಗೆದುಕೊಳ್ಳುವುದು ಕಷ್ಟ. ಯುಎಇಯಲ್ಲಿ 2016ರಿಂದ ಕೆಲಸದ ಆಫರ್ ಪತ್ರ ಅರಬಿ, ಇಂಗ್ಲಿಷಿನ ಜೊತೆಗೆ ಕಾರ್ಮಿಕನಿಗೆ ತಿಳಿಯುವ ಭಾಷೆಯಲ್ಲೂ ಇರಬೇಕೆಂಬ ನಿಯಮ ಬಂದಿದೆ. ಸೌದಿಯ ಕಾರ್ಮಿಕ ಕಾನೂನಿನ 9ನೇ ವಿಧಿಯ ಪ್ರಕಾರ, ಅರಬಿಯ ಜೊತೆ ಬೇರೆ ಭಾಷೆ ಇದ್ದರೆ ಅರಬಿಯಲ್ಲಿ ಬರೆದದ್ದೇ ಅಂತಿಮ. ಆದ್ದರಿಂದ ಬಲಬದಿಯ ಅರಬಿಯಲ್ಲಿ ಏನುಂಟು ಎಂದು ತಿಳಿಯದೆ ಎಡಬದಿಯ ಇಂಗ್ಲಿಷ್ ಮಾತ್ರ ನೋಡಿ ಸಹಿ ಹಾಕಬೇಡಿ. ನಮ್ಮಲ್ಲಿ ಮಲಯಾಳಂ ಕೇಳಿ ಅರ್ಥ ಮಾಡಿಕೊಳ್ಳುವವರು ತುಂಬ ಜನ ಇದ್ದಾರೆ, ಓದಲಿಕ್ಕೆ ಬರುವವರು ಕಡಿಮೆ. ಓದಲಿಕ್ಕೆ ಬಾರದ ಭಾಷೆಯಲ್ಲಿ ಕೊಟ್ಟರೆ ‘ನನಗೆ ಬರುವ ಭಾಷೆಯಲ್ಲಿ ಕೊಡಿ’ ಅಂತ ಕೇಳಿ. ಇಲ್ಲವೇ ಒಂದು ದಿನ ಸಮಯ ಕೇಳಿ, ಅರಬಿ ಓದಲು ಬರುವವರಿಗೆ ತೋರಿಸಿ. ನಮ್ಮ ಮಕ್ಕಳು ಇಲ್ಲಿನ ಶಾಲೆಯಲ್ಲಿ ಅರಬಿ ಕಲಿಯುತ್ತಿದ್ದಾರೆ, ಅವರಿಂದಲೂ ಓದಿಸಬಹುದು.

ಕೊನೆಗೆ ಮನೆಯವರಿಗೆ ಒಂದು ಮಾತು. ಫೋನಿನಲ್ಲಿ ‘ಅಲ್ಲಿ ಎಲ್ಲ ಸರಿ ಉಂಟಲ್ವಾ?’ ಅಂತ ಕೇಳಿದರೆ ನಿಮ್ಮ ಮಗನೋ ಗಂಡನೋ ‘ಹ್ಞೂಂ’ ಅಂತಾನೆ. ಸಂಬಳ ಬಾರದಿದ್ದರೂ, ಜ್ವರ ಬಂದು ಮಲಗಿದ್ದರೂ ‘ಹ್ಞೂಂ’. ನಿಮಗೆ ಬೇಜಾರಾಗಬಾರದು ಅಂತ. ಆ ಪ್ರಶ್ನೆಯಲ್ಲಿಯೇ ಉತ್ತರ ಉಂಟು, ಅವನು ತಲೆಯಾಡಿಸಿದರೆ ಮುಗಿಯಿತು. ಬೇರೆ ರೀತಿ ಕೇಳಿ ನೋಡಿ. ‘ಇವತ್ತು ಮಧ್ಯಾಹ್ನ ಏನು ತಿಂದೆ ಮೋನೇ?’ ‘ಹೋದ ತಿಂಗಳ ಸಂಬಳ ಯಾವತ್ತು ಬಂತು?’ ಇದಕ್ಕೆ ‘ಹ್ಞೂಂ’ ಅಂತ ಹೇಳಲಿಕ್ಕೆ ಆಗುವುದಿಲ್ಲ. ಏನಾದರೂ ಒಂದು ಮಾತು ಹೊರಗೆ ಬರ್ತದೆ. ದೂರದಲ್ಲಿರುವವನಿಗೆ ಅಷ್ಟು ಹೇಳಿಕೊಳ್ಳಲು ಸಿಕ್ಕಿದರೂ ಮನಸ್ಸು ಹಗುರ ಆಗ್ತದೆ.

ಅಲ್ಲಾಹನು ನಮ್ಮೆಲ್ಲರನ್ನೂ ದುಡಿಯುವ ಜಾಗದಲ್ಲಿ ಸುರಕ್ಷಿತವಾಗಿಟ್ಟು ಕುಟುಂಬದ ಬಳಿಗೆ ಆರೋಗ್ಯದಿಂದ ತಲುಪಿಸಲಿ, ಆಮೀನ್. ನನ್ನ ಮಾತು ಅರ್ಥ ಆಯ್ತಾ ಅಂತ ನಾನು ಕೇಳುವುದಿಲ್ಲ. ಊಟದ ಹೊತ್ತಿನಲ್ಲಿ ಸಿಗುವ, ಏನು ಅರ್ಥ ಆಯ್ತು ಅಂತ ನೀವೇ ಹೇಳಿ.