ಹಳೇ ಬೀಜಕ್ಕೆ ಗೋದಾಮಿನಲ್ಲಿ ಒಂದು ಕಪಾಟು
(ಬೆಳ್ಳಿಹಬ್ಬದ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬ್ಲಫ್ ಅಂದರೆ ಹೊರಗಿನವರಿಗೆ ನೆನಪಾಗೋದು 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ಹೋದ ಕರೆಂಟು. ಆ ಮಾತನ್ನ ಬೇರೆಯವರು ಆಡಿದ್ದಾರೆ. ನಾವು ರೈತರು, ಬೀಜದ ಮಾತು ಆಡ್ತೇವೆ.

ನಮ್ಮ ತಾಲ್ಲೂಕಿನದೇ ಕಿರುಗಾವಲಿನಲ್ಲಿ ಸೈಯದ್ ಗನಿ ಖಾನ್ ಅವರು ಸಾವಿರಕ್ಕೂ ಮೇಲ್ಪಟ್ಟು ಭತ್ತದ ತಳಿಗಳನ್ನ ಉಳಿಸಿಕೊಂಡು ಬಂದಿದ್ದಾರೆ. ಅವರ ಬಡಾ ಬಾಗ್ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು. ಇಳುವರಿ ಕಮ್ಮಿ ಇರೋ ಹಳೇ ತಳಿ ಇಟ್ಕೊಂಡು ಏನು ಪ್ರಯೋಜನ ಅಂತ ನಮ್ಮಲ್ಲೇ ಕೇಳೋರಿದ್ದಾರೆ. ಇಳುವರಿ ಕಮ್ಮಿ ಅನ್ನೋದು ಬಹಳ ತಳಿಗಳ ಮಟ್ಟಿಗೆ ನಿಜವೇ.

ಆದರೆ ಇದನ್ನ ಕೇಳಿ. 1970ರ ಸುಮಾರಿಗೆ ಏಷ್ಯಾದ ಭತ್ತಕ್ಕೆ ಒಂದು ವೈರಸ್ ರೋಗ ಬಿತ್ತು. ಪೈರು ಕುಳ್ಳಾಗಿ ಹುಲ್ಲಿನ ಕಂತೆ ಹಂಗೆ ಆಗೋದು, ತೆನೆ ಬರ್ತಿರಲಿಲ್ಲ. ಕಂದು ಜಿಗಿಹುಳು ಅದನ್ನ ಹರಡ್ತಿತ್ತು. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ಆರು ಸಾವಿರಕ್ಕೂ ಹೆಚ್ಚು ಮಾದರಿ ಜಾಲಾಡಿದರು. ತಡೆಯೋ ಗುಣ ಸಿಕ್ಕಿದ್ದು ನಮ್ಮ ದೇಶದ ಉತ್ತರಪ್ರದೇಶದ ಒಂದು ಕಾಡುಭತ್ತದಲ್ಲಿ. ಹಣ್ಣಾಗೋ ಮುಂಚೆ ಉದುರಿಹೋಗೋ ಕಳೆ ಅದು, ಯಾರೂ ಅದಕ್ಕೆ ಬೆಲೆ ಕಟ್ಟೋರಲ್ಲ. ಅದರ ಗುಣ ಸೇರಿಸಿಯೇ 1976ರಲ್ಲಿ ಐಆರ್ 36 ಬಂತು.

ಮಂಡ್ಯದ ವಿ.ಸಿ. ಫಾರಂನಲ್ಲಿ ಲಕ್ಷ್ಮಣಯ್ಯನವರು ಮಾಡಿದ್ದೂ ಇದೇ ಜಾತಿಯ ಕೆಲಸ. ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ‘ಇಂಡಾಫ್’ ತಳಿ ಕೊಟ್ಟರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’. ಎರಡು ಕಡೆಯ ಹಳೇ ರಾಗಿಯೂ ಉಳಿದಿದ್ದಕ್ಕೇ ಅದು ಸಾಧ್ಯವಾಯ್ತು.

ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದಲ್ಲಿ ಬೀಜಗಳನ್ನ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿಯಲ್ಲಿ ಇಡ್ತಾರೆ. ಈಗ ಡಿಎನ್‌ಎ ನೋಡಿ, ಎರಡು ಹೆಸರಿನ ತಳಿ ಒಂದೇನಾ, ಒಂದೇ ಹೆಸರಿನಲ್ಲಿ ಎರಡು ತಳಿ ಇದೆಯಾ ಅಂತಲೂ ಹೇಳ್ತಾರೆ. ಒಳ್ಳೇದೇ. ಆದರೆ ಚಳಿಪೆಟ್ಟಿಗೆಯಲ್ಲಿರೋ ಬೀಜ ಮಳೆ, ಬಿಸಿಲು, ರೋಗ ಕಾಣೋದಿಲ್ಲ. ಗದ್ದೆಯಲ್ಲಿರೋದು ವರ್ಷವರ್ಷವೂ ಕಾಣುತ್ತೆ.

ಭತ್ತ ತನ್ನ ಹೂವಿಗೆ ತಾನೇ ಪರಾಗ ಕೊಟ್ಕೊಳ್ಳೋ ಬೆಳೆ. ಪಕ್ಕದ ತಾಕಿನ ತಳಿ ಜೊತೆ ಬೆರಕೆ ಆಗೋದು ಕಮ್ಮಿ. ಬೆರಕೆ ಆಗೋದು ನಮ್ಮ ಕಣದಲ್ಲಿ, ನಮ್ಮ ಚೀಲದಲ್ಲಿ! ಬೇರೆ ಥರದ ತೆನೆ ಕಿತ್ತುಹಾಕಿ, ತಾಕಿನ ನಡುವಿಂದ ಬೀಜ ಆರಿಸಿ, ಚೆನ್ನಾಗಿ ಒಣಗಿಸಿ, ಹೆಸರು ಬರೆದಿಟ್ಟರೆ ಸಾಕು. ಮಾವು ಹಂಗಲ್ಲ. ನಮ್ಮ ಕಡೆಯ ಬಹುಪಾಲು ಮಾವಿನ ಗೊರಟೆ ನೆಟ್ಟರೆ ತಾಯಿಯ ಹಣ್ಣೇ ಬರುತ್ತೆ ಅನ್ನೋ ಭರವಸೆ ಇಲ್ಲ. ಕಸಿ ಕಟ್ಟಲೇಬೇಕು. ಹಿತ್ತಲಿನ ಹಳೇ ಮರ ಕಡಿಯೋ ಮುಂಚೆ ಎರಡು ಕಡ್ಡಿ ತೆಗೆಸಿ.

2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಪ್ರಕಾರ ಬೀಜ ಇಟ್ಕೊಳ್ಳೋಕೆ, ಬಿತ್ತೋಕೆ, ಹಂಚ್ಕೊಳ್ಳೋಕೆ ನಮಗೆ ಹಕ್ಕಿದೆ. ಸಂರಕ್ಷಿತ ತಳಿಯ ಬೀಜವನ್ನ ಬ್ರಾಂಡ್ ಹಾಕಿ ಮಾರೋ ಹಾಗಿಲ್ಲ, ಅಷ್ಟೇ.

ಆಡಳಿತ ಮಂಡಳಿ ಮುಂದೆ ನಾವಿಡೋ ಪ್ರಸ್ತಾಪ ಇದು. ಗೊಬ್ಬರ ಮಾರೋ ಗೋದಾಮಿನಲ್ಲೇ, ಗೊಬ್ಬರದಿಂದ ದೂರ, ಹಳೇ ಬೀಜಕ್ಕೆ ಒಂದು ಕಪಾಟು. ಎರಡು ಸೇರು ತಗೊಂಡೋರು ಸುಗ್ಗಿ ಮೇಲೆ ನಾಲ್ಕು ಸೇರು ವಾಪಸ್ಸು ಕೊಡೋದು. ಒಂದೊಂದು ತಳಿಯನ್ನೂ ಇಬ್ಬರಾದರೂ ಬೆಳೀಬೇಕು, ಒಬ್ಬರದು ಹೋದರೆ ಇನ್ನೊಬ್ಬರದು ಇರಲಿ. ಮನೆಯಲ್ಲಿ ರಾಜಮುಡಿಯೋ ರತ್ನಚೂಡಿಯೋ ಇನ್ನೊಂದೋ ಇದ್ದರೆ ಈ ಮುಂಗಾರಿನ ಒಟ್ಲು ಬಿಡೋದ್ರೊಳಗೆ ಕಾರ್ಯದರ್ಶಿಗಳ ಹತ್ತಿರ ಬರೆಸಿ. ಹೆಸರು ಗೊತ್ತಿಲ್ಲದಿದ್ದರೆ ಮನೆಯ ಅಜ್ಜಿಯರನ್ನ ಕೇಳ್ಕೊಂಡು ಬನ್ನಿ.