ಎದೆಹಾಲು ಮತ್ತು ಎಳೆಮಗುವಿನ ರಕ್ತ
(ವಾಡಿಯಲ್ಲಿ ಮಾಡಿದ ಭಾಷಣ)



ಸಿಮೆಂಟು ಕಾರ್ಖಾನೆಯ ಕೂಲಿ, ಬೋನಸ್ಸುಗಳ ಮಾತನ್ನು ವಾಡಿಯಲ್ಲಿ ನಾವು ಬೇಕಾದಷ್ಟು ಸಲ ಆಡಿದ್ದೇವೆ. ಈ ದಿನ ತೊಟ್ಟಿಲಲ್ಲಿರುವ ಮಗುವಿನ ರಕ್ತದ ಮಾತು ಆಡೋಣ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 65 ಮಕ್ಕಳಿಗೆ ರಕ್ತಹೀನತೆ. ಇದಕ್ಕೆ ಮುಖ್ಯ ಕಾರಣಗಳಲ್ಲಿ ಕಬ್ಬಿಣಾಂಶದ ಕೊರತೆ ಒಂದು. ಇಂಥ ಮಗು ಬಿಳಿಚಿಕೊಳ್ಳುತ್ತದೆ, ಆಟ ಬಿಡುತ್ತದೆ. ಬುದ್ಧಿಯ ಬೆಳವಣಿಗೆಗೂ ಧಕ್ಕೆಯಾಗುತ್ತದೆ.

“ತಾಯಿಯ ಹಾಲಿನಲ್ಲಿ ಸತ್ವವಿಲ್ಲ, ಡಬ್ಬಿಹಾಲು ಹಾಕಿ” ಎನ್ನುವವರಿದ್ದಾರೆ. ಅವರ ಮಾತು ನಂಬಬೇಡಿ. ಒಂದು ಲೀಟರು ಎದೆಹಾಲಿನಲ್ಲಿ ಅರ್ಧ ಮಿಲಿಗ್ರಾಮಿಗಿಂತ ಕಡಿಮೆ ಕಬ್ಬಿಣಾಂಶವಿರುವುದು ನಿಜ. ಆದರೆ ಇದ್ದಷ್ಟು ಮಗುವಿನ ಮೈಗೆ ಚೆನ್ನಾಗಿ ಹತ್ತುತ್ತದೆ. ಮೇಲಾಗಿ, ತಿಂಗಳು ತುಂಬಿ ಹುಟ್ಟಿದ ಮಗು ತಾಯಿಯ ಹೊಟ್ಟೆಯಿಂದಲೇ ಕಬ್ಬಿಣಾಂಶದ ಗಂಟು ಕಟ್ಟಿಕೊಂಡು ಬಂದಿರುತ್ತದೆ. ಅದು ಸುಮಾರು ಆರು ತಿಂಗಳಿಗೆ ಸಾಕು. ಹೆರಿಗೆಯಾದ ಮೇಲೆ ಒಂದು ನಿಮಿಷವಾದರೂ ತಡೆದು ಹೊಕ್ಕುಳಬಳ್ಳಿ ಕಟ್ಟಿದರೆ ಗಂಟು ಇನ್ನಷ್ಟು ತುಂಬುತ್ತದೆ. ದಿನ ತುಂಬದೆ ಹುಟ್ಟಿದ ಮಕ್ಕಳ ಗಂಟು ಚಿಕ್ಕದು. ಅವರನ್ನು ಬೇಗನೆ ಡಾಕ್ಟರರಿಗೆ ತೋರಿಸಬೇಕು.

ಆರು ತಿಂಗಳಾಯಿತೆಂದರೆ ಗಂಟು ಕರಗುತ್ತದೆ. ಆಗ ಎದೆ ಬಿಡಿಸಬಾರದು. ಎರಡು ವರ್ಷದವರೆಗೂ ಹಾಲೂಡಿಸುತ್ತ, ಜೊತೆಗೆ ಊಟ ಸೇರಿಸಬೇಕು. ನಮ್ಮ ಸೀಮೆಯ ತೊಗರಿಬೇಳೆಯನ್ನು ಗಟ್ಟಿಯಾಗಿ ಬೇಯಿಸಿ ಕೊಡಿ. ಸಜ್ಜೆಯ ಗಂಜಿ ಕೊಡಿ, ಸೊಪ್ಪನ್ನು ನುಣ್ಣಗೆ ಅರೆದು ಕೊಡಿ. ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣಾಂಶ ಹೆಚ್ಚು ಹತ್ತುತ್ತದೆ. ಮಾಂಸ ತಿನ್ನುವ ಮನೆಯಾದರೆ ಮೆತ್ತಗೆ ಬೇಯಿಸಿ ಅರೆದ ಮಾಂಸ ಇನ್ನೂ ಒಳ್ಳೆಯದು. ಚಹಾ ಕುಡಿಸಲೇಬೇಡಿ. ವರ್ಷ ತುಂಬುವ ಮೊದಲು ಎದೆಹಾಲಿನ ಬದಲಿಗೆ ಹಸುವಿನ ಹಾಲು, ಎಮ್ಮೆಯ ಹಾಲು ಹಿಡಿಸಬೇಡಿ.

2018ರಲ್ಲಿ ಆರಂಭವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆ ವಾರಕ್ಕೆ ಎರಡು ಸಲ, ಒಂದೊಂದು ಮಿಲಿಲೀಟರು ಕಬ್ಬಿಣಾಂಶದ ಸಿರಪ್ಪು ಗೊತ್ತುಮಾಡಿದೆ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯಿರಿ. ಮಲ ಕಪ್ಪಾದರೆ ಹೆದರಿ ನಿಲ್ಲಿಸಬೇಡಿ.

ಇಷ್ಟೆಲ್ಲ ತಾಯಿಗೆ ಹೇಳಿದೆವು. ಆದರೆ ಶಹಾಬಾದ ಕಲ್ಲಿನ ಗಣಿಯಲ್ಲಿ ಬಿಸಿಲಿಗೆ ದುಡಿಯುವ ತಾಯಿಗೆ ಹಾಲೂಡಿಸಲು ಬಿಡುವು ಎಲ್ಲಿದೆ? 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ, ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಬಿಡುವು ಕೊಡಬೇಕೆಂದು ಬರೆದರು. 2017ರ ತಿದ್ದುಪಡಿ ಸಂಬಳಸಹಿತ ರಜೆಯನ್ನು 26 ವಾರಕ್ಕೆ ಏರಿಸಿತು. ಗುತ್ತಿಗೆದಾರನ ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ಹೆಂಗಸಿಗೆ ಇದೆಲ್ಲ ಕಾಗದದ ಮೇಲಿನ ಬೆಲ್ಲ. ಆ ಹೆಸರು ಪುಸ್ತಕಕ್ಕೆ ಏರಬೇಕೆಂಬುದು ಗಂಡಸು ಕಾರ್ಮಿಕರ ಬೇಡಿಕೆಯೂ ಆಗಬೇಕು.

ವ್ಯಾಪಾರಿ ಮಿತ್ರರಲ್ಲಿಯೂ ಒಂದು ಮಾತು. ಎಳೆಮಕ್ಕಳ ಡಬ್ಬಿಹಾಲಿಗೆ ಜಾಹೀರಾತು ಮಾಡುವುದನ್ನು 1992ರ ಕಾಯ್ದೆ ನಿಷೇಧಿಸಿದೆ. ಅಂಗಡಿಗೆ ಬಂದ ಬಾಣಂತಿಯ ಮನೆಯವರಿಗೆ ಡಬ್ಬಿಯನ್ನು ಹೊಗಳಿ ಮಾರಬೇಡಿ. ಬೇಳೆಯನ್ನು ಸರಿಯಾದ ಬೆಲೆಗೆ ತೂಗಿಕೊಡಿ. ಮಗುವಿನ ರಕ್ತಕ್ಕೆ ನೀವು ಮಾಡುವ ಉಪಕಾರ ಅದೇ.